ಹಳೇ ಬ್ರಿಟಿಷ್ ಬೈಕು, ಸೈಡ್‌ಕಾರ್, ರೇಸು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹಾಸನದ ಕಡೆಯವನು. ಕೆಲಸಕ್ಕೆಂದು ಇಂಗ್ಲೆಂಡಿನ ಕವೆಂಟ್ರಿಗೆ ಬಂದವನು ಪಕ್ಕದ ಮನೆಯ ಯಜಮಾನರ ಶೆಡ್ಡಿಗೆ ಒಂದು ದಿನ ಇಣುಕಿ ನೋಡಿದೆ. ಅಲ್ಲಿಂದ ವಾಪಸ್ ಬಂದೇ ಇಲ್ಲ ಅನ್ನಬಹುದು. ಅವರು ನಿವೃತ್ತ ಟೂಲ್‌ಮೇಕರ್. ಈಗ ನಾವಿಬ್ಬರೂ ಸೇರಿ ಟ್ರಯಂಫ್ 650 ಎಂಜಿನ್ನಿನ ಸೈಡ್‌ಕಾರ್ ಗಾಡಿಯೊಂದನ್ನು ಕಟ್ಟಿ, ವರ್ಷಕ್ಕೆ ನಾಲ್ಕೈದು ಸಲ ಹಳೇ ಬೈಕುಗಳ ರೇಸಿಗೆ ಇಳಿಸುತ್ತೇವೆ. ಓಡಿಸುವವರು ಅವರು, ಪಕ್ಕದಲ್ಲಿ ನೇತಾಡುವವನು ನಾನು. ಊರಿಗೆ ಹೋದಾಗ ನೆಂಟರು ಕೇಳಿದ್ದು, ಪತ್ರದಲ್ಲಿ ಬಂದದ್ದು, ಇಲ್ಲಿನ ಕನ್ನಡದ ಹುಡುಗರು ಊಟದ ಮಧ್ಯೆ ಕೇಳಿದ್ದು, ಎಲ್ಲವನ್ನೂ ಒಂದು ಕಡೆ ಹಾಕಿದ್ದೇನೆ. ಸುಲಭದ್ದು ಮೊದಲು, ತಲೆ ಕೆಡಿಸುವಂಥದ್ದು ಕೊನೆಗೆ.

## ಮೊದಲ ಪರಿಚಯ

ಸಿನಿಮಾದಲ್ಲಿ ಇಬ್ಬರು ಗೆಳೆಯರು ಹಾಡ್ತಾ ಹೋಗ್ತಾರಲ್ಲ, ಅದೇ ಥರದ ಗಾಡೀನಾ?

ಹತ್ತರಲ್ಲಿ ಎಂಟು ಜನ ಇದನ್ನೇ ಕೇಳುತ್ತಾರೆ. ಶೋಲೆ ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ ಸಿನಿಮಾ ಅಲ್ವಾ, ನನಗೂ ಬೇಸರವಿಲ್ಲ. ಅದರಲ್ಲಿದ್ದದ್ದು ಎರಡನೇ ಮಹಾಯುದ್ಧದ ಕಾಲದ ಬಿಎಸ್‌ಎ, ಸೇನೆಗೆಂದು ಮಾಡಿದ್ದು. ನಿಧಾನದ, ಗಟ್ಟಿ ಗಾಡಿ. ನಮ್ಮದು ಅದರ ನೆಂಟನೇ, ಆದರೆ ನೋಡಿದರೆ ಗುರುತು ಸಿಗುವುದಿಲ್ಲ. ಸೀಟಿಲ್ಲ. ಓಡಿಸುವವರು ಮೊಣಕಾಲೂರಿ ಮುಂದಕ್ಕೆ ಬಾಗಿರುತ್ತಾರೆ. ಪಕ್ಕದಲ್ಲಿ ತೊಟ್ಟಿಯೂ ಇಲ್ಲ, ಒಂದು ಚಪ್ಪಟೆ ಹಲಗೆ, ಹಿಡಿದುಕೊಳ್ಳಲು ಎರಡು ಮೂರು ಹಿಡಿ, ಆಚೆಗೊಂದು ಚಕ್ರ. ನೆಲದಿಂದ ಹಲಗೆಗೆ ಒಂದು ಗೇಣು ಎತ್ತರವೂ ಇಲ್ಲ. ಇಲ್ಲಿಯವರು ಆ ಪಕ್ಕದ ಭಾಗವನ್ನು ಚೇರ್ ಅನ್ನುತ್ತಾರೆ, ಕೂರುವುದಕ್ಕೆ ಏನೂ ಇಲ್ಲದಿದ್ದರೂ.

ಬ್ರಿಟಿಷ್ ಬೈಕೇ ಯಾಕೆ? ಎಣ್ಣೆ ಸೋರುತ್ತೆ, ಕರೆಂಟ್ ಕೈಕೊಡುತ್ತೆ ಅಂತಾರಲ್ಲ?

ಎರಡೂ ನಿಜ. ಬ್ರಿಟಿಷ್ ಬೈಕಿನಡಿ ಎಣ್ಣೆ ಬಿದ್ದಿಲ್ಲ ಅಂದರೆ ಒಳಗೆ ಎಣ್ಣೆಯೇ ಇಲ್ಲ ಅಂತ ಅರ್ಥ, ಎಂಬ ಹಳೇ ಜೋಕು ಇಲ್ಲಿ ಈಗಲೂ ಓಡುತ್ತದೆ. ಆದರೂ ನಾನಿರುವ ಜಾಗ ಇಂಥದ್ದು. ಬಿಎಸ್‌ಎ ಅಂದರೆ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್, ಬಂದೂಕು ಮಾಡುತ್ತಿದ್ದವರು. ನಾರ್ಟನ್ ಇದ್ದದ್ದೂ ಬರ್ಮಿಂಗ್‌ಹ್ಯಾಮ್‌ನಲ್ಲೇ, ಬ್ರೇಸ್‌ಬ್ರಿಡ್ಜ್ ಸ್ಟ್ರೀಟಿನಲ್ಲಿ. ಟ್ರಯಂಫ್ ಕಾರ್ಖಾನೆ ಕವೆಂಟ್ರಿಯಲ್ಲಿತ್ತು. 1940ರ ಬಾಂಬ್ ದಾಳಿಯಲ್ಲಿ ಹಾಳಾಗಿ, ಪಕ್ಕದ ಮೆರಿಡೆನ್‌ಗೆ ಹೋಯಿತು, 1983ರಲ್ಲಿ ಅದೂ ಮುಚ್ಚಿತು. ಆ ಜಾಗದಲ್ಲಿ ಈಗ ಮನೆಗಳಿವೆ. ಒಂದು ರಸ್ತೆಗೆ ಬಾನವಿಲ್ ಕ್ಲೋಸ್ ಅಂತ ಹೆಸರು, ಟ್ರಯಂಫಿನ ಹೆಸರಾಂತ ಬೈಕಿನ ನೆನಪಿಗೆ. ಹೀಗಾಗಿ ಈ ಬೈಕಿನ ಗೇರು ಕೊರೆದವರು, ಚಾಸಿ ಬೆಸೆದವರು, ಅವರ ಮಕ್ಕಳು ಇನ್ನೂ ಸುತ್ತಮುತ್ತ ಸಿಗುತ್ತಾರೆ. ಒಂದು ಬುಶ್ ಸಿಗಲಿಲ್ಲ ಅಂದರೆ ಮೂರು ಬೀದಿ ಆಚೆ ಯಾರದೋ ಶೆಡ್ಡಿನಲ್ಲಿ ಲೇತ್ ಇರುತ್ತದೆ.

ಟ್ರೈಟನ್ ಅಂದ್ರೆ ಯಾವ ಕಂಪನಿ?

ಯಾವ ಕಂಪನಿಯೂ ಅಲ್ಲ. ಟ್ರಯಂಫ್ ಎಂಜಿನ್, ನಾರ್ಟನ್ ಚಾಸಿ, ಎರಡೂ ಹೆಸರು ಸೇರಿಸಿ ಟ್ರೈಟನ್. ನಾರ್ಟನ್ನಿನ ಫೆದರ್‌ಬೆಡ್ ಚಾಸಿಯನ್ನು ಬೆಲ್‌ಫಾಸ್ಟಿನ ರೆಕ್ಸ್ ಮೆಕ್‌ಕ್ಯಾಂಡ್‌ಲೆಸ್ 1950ರ ಹೊತ್ತಿಗೆ ರೂಪಿಸಿದರು. ಓಡಿಸಿ ನೋಡಿದ ರೇಸರ್ ಹೆರಾಲ್ಡ್ ಡೇನಿಯಲ್ ಗರಿ ಹಾಸಿಗೆಗೆ ಹೋಲಿಸಿದ್ದಕ್ಕೆ ಆ ಹೆಸರು. ಅದೇ ವರ್ಷ ಜೆಫ್ ಡ್ಯೂಕ್ ಅದರ ಮೇಲೆ ಐಲ್ ಆಫ್ ಮ್ಯಾನ್ ದ್ವೀಪದ ಹೆಸರಾಂತ ಟಿಟಿ ರೇಸಿನ ಸೀನಿಯರ್ ವಿಭಾಗ ಗೆದ್ದರು. ಚಾಸಿ ನಾರ್ಟನ್ನಿನದು ಚೆನ್ನ, ಎಂಜಿನ್ ಟ್ರಯಂಫಿನದು ಚುರುಕು ಮತ್ತು ಅಗ್ಗ. ಹುಡುಗರು ಎರಡನ್ನೂ ಕೂಡಿಸಿದರು. ಲಂಡನ್ನಿನ ಏಸ್ ಕೆಫೆ ಮುಂದೆ 60ರ ದಶಕದಲ್ಲಿ ನಿಂತಿರುತ್ತಿದ್ದ ಗಾಡಿಗಳಲ್ಲಿ ಇಂಥವು ಬೇಕಾದಷ್ಟು.

ಊರಲ್ಲಿ ತಾತನ ಬುಲೆಟ್ ಇದೆ, ಅದನ್ನ ತಂದು ರೇಸಿಗೆ ಹಾಕಬಹುದಾ?

ಬುಲೆಟ್ ಹುಟ್ಟಿದ್ದೇ ಇಲ್ಲಿ, ರೆಡಿಚ್ ಎಂಬ ಊರಿನಲ್ಲಿ. ಕವೆಂಟ್ರಿಯಿಂದ ಗಂಟೆಯೊಳಗೆ ಹೋಗಿ ಸೇರಬಹುದು. ಭಾರತೀಯ ಸೇನೆಗೆ ಬೈಕು ಬೇಕಾಗಿ, 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಶುರುವಾಯಿತು. ಇಂಗ್ಲೆಂಡಿನಲ್ಲಿ ರಾಯಲ್ ಎನ್‌ಫೀಲ್ಡ್ 1970ರ ಹೊತ್ತಿಗೆ ನಿಂತೇ ಹೋಯಿತು, ನಮ್ಮಲ್ಲಿ ಮಾತ್ರ ಓಡುತ್ತಲೇ ಇತ್ತು. ಆದ್ದರಿಂದ ಹಳೇ ಬುಲೆಟ್ ಓಡಿಸಿದವರಿಗೆ ಇಲ್ಲಿ ಒಂದು ಲಾಭ: ಬಲಗಾಲಲ್ಲಿ ಗೇರು, ಎಡಗಾಲಲ್ಲಿ ಬ್ರೇಕು, ಅದು ಕಾಲಿಗೆ ಆಗಲೇ ಗೊತ್ತಿರುತ್ತದೆ. ಬೇರೆಯವರು ತಿರುವಿನಲ್ಲಿ ಬ್ರೇಕ್ ಬದಲು ಗೇರು ತುಳಿದು ಒದ್ದಾಡುತ್ತಾರೆ.

ರೇಸಿಗೆ ಹಾಕಬಹುದಾ ಅನ್ನುವುದು ಕ್ಲಬ್ಬಿನ ನಿಯಮ ಪುಸ್ತಕದ ಮೇಲೆ. ಬೈಕು ಯಾವ ವರ್ಷದ ಮಾದರಿ, ಒಳಗಿನ ಭಾಗಗಳು ಆ ಕಾಲದಲ್ಲಿ ಇದ್ದಂಥವೇ ಅಂತ ನೋಡುತ್ತಾರೆ. ಹಡಗಿಗೆ ಹಾಕುವ ಮೊದಲು ಅದನ್ನು ಓದಿ. ನನ್ನ ಸ್ವಂತ ಅಭಿಪ್ರಾಯ ಕೇಳಿದರೆ, ತಾತನ ಬುಲೆಟ್ ತಾತನ ಮನೆಯಲ್ಲೇ ಇರಲಿ. ರೇಸಿನಲ್ಲಿ ಯಾವ ಭಾಗವೂ ಮೊದಲಿನಂತೆ ಉಳಿಯುವುದಿಲ್ಲ.

ಈ ಕಂಪನಿಗಳನ್ನೆಲ್ಲ ಈಗ ನಮ್ಮವರೇ ಕೊಂಡ್ಕೊಂಡಿದ್ದಾರಂತೆ?

ಎರಡು ಹೆಸರು ಹೌದು. ಬಿಎಸ್‌ಎ ಹೆಸರನ್ನು 2016ರಲ್ಲಿ ಮಹೀಂದ್ರಾದ ಕ್ಲಾಸಿಕ್ ಲೆಜೆಂಡ್ಸ್ ತೆಗೆದುಕೊಂಡಿತು. ನಾರ್ಟನ್ 2020ರಲ್ಲಿ 1.6 ಕೋಟಿ ಪೌಂಡಿಗೆ ಟಿವಿಎಸ್ ಪಾಲಾಯಿತು, ಬೆಂಗಳೂರಿನ ಮಗ್ಗುಲಲ್ಲೇ ಹೊಸೂರಿನಲ್ಲಿ ಕಾರ್ಖಾನೆ ಇರುವ ಟಿವಿಎಸ್. ನಮ್ಮ ಯಜಮಾನರಿಗೆ ಹೇಳಿದಾಗ, "ಸರಿ, ಹಾಗಾದರೆ ನನ್ನ ಪಿಸ್ಟನ್ನಿಗೆ ಇನ್ನು ಮೇಲೆ ನಿನ್ನನ್ನೇ ಕೇಳ್ತೀನಿ" ಅಂದರು.

ಎಲ್ಲಾ ಸೇರಿ ಎಷ್ಟಾಗುತ್ತೆ?

ಹೆಂಡತಿಗೆ ಹೇಳಿದ್ದಕ್ಕಿಂತ ಜಾಸ್ತಿ. ಬೈಕು ಕೊಳ್ಳುವ ದುಡ್ಡು ಒಂದು ಸಲದ್ದು. ಟೈರು, ಪ್ರವೇಶ ಶುಲ್ಕ, ವ್ಯಾನಿನ ಡೀಸೆಲ್ಲು, ಮುರಿದ ಭಾಗ, ಇವು ಪ್ರತಿ ಸಲದ್ದು. ನಾರ್ಟನ್ ಮ್ಯಾಂಕ್ಸ್‌ನಂಥ ರೇಸ್ ಬೈಕು ಹತ್ತಾರು ಸಾವಿರ ಪೌಂಡಿನ ಮಾತು. 500 ಅಥವಾ 650ರ ಟ್ರಯಂಫ್, ಬಿಎಸ್‌ಎ ಜೋಡಿ ಸಿಲಿಂಡರ್ ಎಂಜಿನ್ ಹಿಡಿದರೆ ಕೈಗೆಟುಕುತ್ತದೆ, ಬಿಡಿಭಾಗವೂ ಇನ್ನೂ ಹೊಸದಾಗಿ ತಯಾರಾಗುತ್ತದೆ. ಇನ್ನೂ ಅಗ್ಗದ ದಾರಿ ಇದೆ: ನನ್ನ ಹಾಗೆ ಪಕ್ಕದಲ್ಲಿ ನೇತಾಡುವವರಾಗಿ. ಬೈಕು ಬೇಡ, ಚರ್ಮದ ಸೂಟು, ಹೆಲ್ಮೆಟ್ಟು, ಲೈಸೆನ್ಸು ಸಾಕು.

## ಶೆಡ್ಡಿನೊಳಗೆ

ಒಳ್ಳೇ ಪಾನಾ ಸೆಟ್ ಇದೆ, ಆದ್ರೂ ಯಾವ ನಟ್ಟಿಗೂ ಸರಿಯಾಗಿ ಕೂರ್ತಿಲ್ಲ. ಯಾಕೆ?

ನಿಮ್ಮದು ಮಿಲಿಮೀಟರ್ ಸೆಟ್. ಈ ಬೈಕುಗಳಿಗೆ ಬೇಕಿರುವುದು ವಿಟ್‌ವರ್ತ್. ಜೋಸೆಫ್ ವಿಟ್‌ವರ್ತ್ 1841ರಲ್ಲಿ ಬೋಲ್ಟಿನ ಥ್ರೆಡ್ಡುಗಳಿಗೆ ಒಂದು ಅಳತೆ ಗೊತ್ತು ಮಾಡಿದರು, ಥ್ರೆಡ್ಡಿನ ಕೋನ 55 ಡಿಗ್ರಿ. ಈ ಪಾನಾಗಳ ಮೇಲೆ ಬರೆದಿರುವುದು ಬಾಯಿಯ ಅಗಲ ಅಲ್ಲ, ಬೋಲ್ಟಿನ ದಪ್ಪ. 3/8 ಅಂತ ಬರೆದ ವಿಟ್‌ವರ್ತ್ ಪಾನಾದ ಬಾಯಿ ಅಳೆದರೆ ಸುಮಾರು 18 ಮಿ.ಮೀ. ಬರುತ್ತದೆ. ಮೊದಲ ವಾರ ಎಲ್ಲರಿಗೂ ತಲೆ ಕೆಡುತ್ತದೆ.

ಅಷ್ಟಕ್ಕೇ ಮುಗಿಯಲಿಲ್ಲ. ಬೈಕಿನ ಬಹುಪಾಲು ಬೋಲ್ಟು ಸೈಕಲ್ ಥ್ರೆಡ್ಡಿನವು, ಇಂಚಿಗೆ 26 ಸುತ್ತು, ಕೋನ 60 ಡಿಗ್ರಿ. ಅಲ್ಯೂಮಿನಿಯಂ ಒಳಗೆ ಹೋಗುವ ಸ್ಟಡ್ಡು ದಪ್ಪ ವಿಟ್‌ವರ್ತ್. ವಿದ್ಯುತ್ ಭಾಗದ ಪುಟ್ಟ ಸ್ಕ್ರೂ ಬಿಎ ಎಂಬ ಇನ್ನೊಂದು ಅಳತೆಯದು. 60ರ ದಶಕದ ಕೊನೆಯ ಬೈಕಾದರೆ ಅಮೆರಿಕದ ಯುಎನ್‌ಎಫ್ ಥ್ರೆಡ್ಡುಗಳೂ ನಡುನಡುವೆ ನುಸುಳಿರುತ್ತವೆ. ಒಂದೇ ಎಂಜಿನ್ನಿನಲ್ಲಿ ನಾಲ್ಕು ಜಾತಿ. ಬಿಚ್ಚಿದ ಬೋಲ್ಟನ್ನು ರಟ್ಟಿನ ಹಾಳೆಯಲ್ಲಿ ತೂತು ಮಾಡಿ, ಬಂದ ಜಾಗದ ಚಿತ್ರ ಬರೆದು, ಅದರಲ್ಲೇ ಚುಚ್ಚಿಡಿ. ಕೈಯಲ್ಲಿ ಎರಡು ಸುತ್ತು ಸಲೀಸಾಗಿ ಹೋಗದ ಬೋಲ್ಟಿಗೆ ಪಾನಾ ಹಾಕಲೇಬೇಡಿ.

ಎಂಜಿನ್ ಚೆನ್ನಾಗೇ ಓಡ್ತಿದೆ. ಆದ್ರೂ ಪೂರ್ತಿ ಬಿಚ್ಚಬೇಕಾ?

ಬಿಚ್ಚಬೇಕು. ಮಾರಿದವರು ಏನೇ ಹೇಳಿರಲಿ. ಟ್ರಯಂಫ್ ಮತ್ತು ಬಿಎಸ್‌ಎ ಜೋಡಿ ಸಿಲಿಂಡರ್ ಎಂಜಿನ್ನುಗಳಲ್ಲಿ ಈಗಿನಂತೆ ಕಾಗದದ ಆಯಿಲ್ ಫಿಲ್ಟರ್ ಇರಲಿಲ್ಲ, ತಂತಿ ಜಾಲರಿ ಮಾತ್ರ. ಅದರ ಬದಲಿಗೆ ಕ್ರ್ಯಾಂಕಿನ (ಪಿಸ್ಟನ್ನುಗಳು ತಿರುಗಿಸುವ ದಂಡದ) ಒಳಗೆ ಒಂದು ಕೊಳವೆ ಇಟ್ಟಿದ್ದಾರೆ. ಕ್ರ್ಯಾಂಕ್ ತಿರುಗುವಾಗ ಎಣ್ಣೆಯಲ್ಲಿನ ಕೊಳೆ ಹೊರಗಿನ ಗೋಡೆಗೆ ಅಂಟಿಕೊಂಡು ಅಲ್ಲೇ ನಿಲ್ಲಲಿ ಎಂದು. ಉಪಾಯ ಒಳ್ಳೆಯದೇ. ಆದರೆ ಅದನ್ನು ಚೊಕ್ಕ ಮಾಡಲು ಇಡೀ ಎಂಜಿನ್ ಬಿಚ್ಚಬೇಕು, ಯಾರು ಬಿಚ್ಚುತ್ತಾರೆ? ವರ್ಷಗಟ್ಟಲೆ ತುಂಬಿ ತುಂಬಿ ಒಂದು ದಿನ ಎಣ್ಣೆಯ ತೂತೇ ಮುಚ್ಚುತ್ತದೆ. ಆಮೇಲೆ ಬೇರಿಂಗ್ ಸುಟ್ಟು, ಕನೆಕ್ಟಿಂಗ್ ರಾಡು ಕೇಸನ್ನು ಒಡೆದುಕೊಂಡು ಹೊರಗೆ ಬರುತ್ತದೆ.

ನಮ್ಮ ಎಂಜಿನ್ ಕೊಟ್ಟವರು, ಈಗಷ್ಟೇ ರೀಬಿಲ್ಡ್ ಆಗಿದೆ ಅಂದಿದ್ದರು. ಕ್ರ್ಯಾಂಕಿನ ತುದಿಯ ಮುಚ್ಚಳವನ್ನು ಸಡಿಲವಾಗದಂತೆ ಪಂಚ್ ಹೊಡೆದು ಕೂರಿಸಿರುತ್ತಾರೆ. ಆ ಗುರುತನ್ನು ಸಣ್ಣ ಡ್ರಿಲ್ಲಿನಲ್ಲಿ ಕೊರೆದು ತೆಗೆದೆವು, ಕಾಯಿಸಿದೆವು, ದಪ್ಪ ಸ್ಕ್ರೂಡ್ರೈವರಿಗೆ ಪಾನಾ ಸಿಕ್ಕಿಸಿ ತಿರುಗಿಸಿದೆವು. ಅರ್ಧ ದಿನ ಹಿಡಿಯಿತು. ಒಳಗಿನ ಕೊಳವೆ ಹೊರಗೆಳೆದಾಗ ಬಂದದ್ದು ಎಣ್ಣೆ ಅಲ್ಲ, ಬತ್ತಿದ ಹುಣಸೆಹಣ್ಣಿನ ಹಾಗಿನ ಕಪ್ಪು ಮುದ್ದೆ. ಬೆರಳಲ್ಲಿ ಉಜ್ಜಿದರೆ ಬೆಳ್ಳಗೆ ಲೋಹದ ಪುಡಿ ಮಿಂಚಿತು. ಹೊರಗೆ ಹೊಸ ಬಣ್ಣ, ಹೊಸ ಗ್ಯಾಸ್ಕೆಟ್ಟು. ಒಳಗೆ 50 ವರ್ಷದ ಕೆಸರು.

ರೇಸ್ ಬೈಕಿಗೆ ಹರಳೆಣ್ಣೆ ಹಾಕ್ತಾರಂತೆ, ನಿಜಾನಾ?

ನಿಜ. ಚಿಕ್ಕಂದಿನಲ್ಲಿ ಅಜ್ಜಿ ನೆತ್ತಿಗೆ ತಟ್ಟುತ್ತಿದ್ದ ಅದೇ ಹರಳೆಣ್ಣೆ. ಕ್ಯಾಸ್ಟ್ರಾಲ್ ಎಂಬ ಹೆಸರು ಬಂದದ್ದೇ ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದ. ವಿಪರೀತ ಬಿಸಿಯಲ್ಲೂ ಲೋಹಕ್ಕೆ ಅಂಟಿಕೊಂಡೇ ಇರುತ್ತದೆ, ಅದಕ್ಕೇ ಆ ಕಾಲದ ರೇಸರುಗಳು ಕ್ಯಾಸ್ಟ್ರಾಲ್ ಆರ್ ಬಿಟ್ಟು ಬೇರೇನೂ ಹಾಕುತ್ತಿರಲಿಲ್ಲ. ಸುಟ್ಟಾಗ ಬರುವ ವಾಸನೆ ಸ್ವಲ್ಪ ಸಿಹಿ. ಒಂದು ಸಲ ಮೂಗಿಗೆ ಹತ್ತಿದರೆ ಬಿಡುವುದಿಲ್ಲ.

ತೊಂದರೆಯೂ ಇದೆ. ಮಾಮೂಲಿ ಎಣ್ಣೆಯ ಜೊತೆ ಬೆರೆಯುವುದಿಲ್ಲ, ಬೆರೆಸಿದರೆ ಅಂಟಂಟು ಮುದ್ದೆ. ಚಳಿಗಾಲದಲ್ಲಿ ಬಿಟ್ಟರೆ ಒಳಗೆಲ್ಲ ಅರಗಿನಂತೆ ಹಿಡಿಯುತ್ತದೆ. ನಾವು ಈಗಿನ ರೇಸಿಂಗ್ ಎಣ್ಣೆಯನ್ನೇ ಹಾಕುತ್ತೇವೆ. ವಾಸನೆಯ ಆಸೆಗೆ ಕೆಲವರು ಪೆಟ್ರೋಲಿಗೆ ಒಂದು ಚಮಚ ಹರಳೆಣ್ಣೆ ಬಿಡುವುದನ್ನು ನೋಡಿದ್ದೇನೆ. ನಾನೂ ಒಂದು ಸಲ ಬಿಟ್ಟಿದ್ದೇನೆ, ಯಜಮಾನರಿಗೆ ಹೇಳಬೇಡಿ.

ಬ್ಯಾಟರಿನೇ ಇಲ್ವಲ್ಲ, ಕಿಡಿ ಎಲ್ಲಿಂದ ಬರುತ್ತೆ? ಟೈಮಿಂಗ್ ಹೇಗೆ ಹಿಡಿಯೋದು?

ಮ್ಯಾಗ್ನೆಟೊದಿಂದ. ಎಂಜಿನ್ ತಿರುಗಿದರೆ ಅದು ತಿರುಗುತ್ತದೆ, ತಾನೇ ಕರೆಂಟ್ ಮಾಡಿ ತಾನೇ ಕಿಡಿ ಹಾರಿಸುತ್ತದೆ. ನಮ್ಮಲ್ಲಿರುವುದು ಲೂಕಸ್ ಕೆ2ಎಫ್. ಲೂಕಸ್ ಕಂಪನಿಯ ಸ್ಥಾಪಕರನ್ನು ಇಲ್ಲಿಯವರು ತಮಾಷೆಗೆ ಕತ್ತಲೆಯ ರಾಜಕುಮಾರ ಅನ್ನುತ್ತಾರೆ. ಆದರೆ ಮ್ಯಾಗ್ನೆಟೊ ವಿಷಯದಲ್ಲಿ ಅದು ಅನ್ಯಾಯ. ಹಾಳಾಗುವುದು ಸಾಮಾನ್ಯವಾಗಿ ಒಳಗಿನ ಕಂಡೆನ್ಸರು, ಅದೂ ದಶಕಗಳ ಮೇಲೆ. ತಣ್ಣಗಿದ್ದಾಗ ಚೆನ್ನಾಗಿ ಕಿಡಿ ಬಂದು ಬಿಸಿಯಾದ ಮೇಲೆ ಸತ್ತರೆ ಅದನ್ನೇ ಅನುಮಾನಿಸಿ.

ಟೈಮಿಂಗ್ ಹಿಡಿಯುವುದು ನನಗೆ ಶೆಡ್ಡಿನಲ್ಲಿ ಅತಿ ಇಷ್ಟದ ಕೆಲಸ. ಕ್ರ್ಯಾಂಕಿನ ತುದಿಗೆ ಡಿಗ್ರಿ ಬರೆದ ತಟ್ಟೆ ಕಟ್ಟುತ್ತೇವೆ. ಪಿಸ್ಟನ್ ಮೇಲ್ತುದಿ ಮುಟ್ಟುವ ಜಾಗ ಗೊತ್ತುಮಾಡಿ, ಅಲ್ಲಿಂದ ಹಿಂದಕ್ಕೆ ಸುಮಾರು 38 ಡಿಗ್ರಿ. ಆಗ ಮ್ಯಾಗ್ನೆಟೊದ ಪಾಯಿಂಟು, ಅಂದರೆ ಕಿಡಿ ಹಾರಿಸುವ ಪುಟ್ಟ ಸ್ವಿಚ್ಚು, ತೆರೆಯಬೇಕು. ತೆರೆಯಿತಾ ಅಂತ ಕಣ್ಣಿಗೆ ಕಾಣುವುದಿಲ್ಲ. ಸಿಗರೇಟು ಸುತ್ತುವ ತೆಳ್ಳನೆ ಕಾಗದದ ಚೂರೊಂದನ್ನು ಪಾಯಿಂಟಿನ ನಡುವೆ ಸಿಕ್ಕಿಸಿ, ಮೆಲ್ಲಗೆ ಎಳೆಯುತ್ತಾ ಎಂಜಿನ್ ತಿರುಗಿಸಬೇಕು. ಹಿಡಿದಿದ್ದ ಕಾಗದ ಸುಮ್ನೆ ಜಾರಿ ಬಂತಲ್ಲ, ಅದೇ ಕ್ಷಣ. ಆಮೇಲೆ ಎರಡನೇ ಸಿಲಿಂಡರಿಗೂ ಅದನ್ನೇ ಮಾಡಿ. ಎರಡರ ನಡುವೆ ಒಂದೆರಡು ಡಿಗ್ರಿ ವ್ಯತ್ಯಾಸ ಬಂದರೆ ಪಾಯಿಂಟನ್ನು ತೆರೆಸುವ ಕ್ಯಾಮ್ ರಿಂಗನ್ನು ಅರದಲ್ಲಿ ತಿದ್ದುವವರೂ ಇದ್ದಾರೆ.

ಪೆಟ್ರೋಲ್ ಬಂಕಿನದೇ ಸಾಕಾ?

ಇಲ್ಲಿ 2021ರಿಂದ ಮಾಮೂಲಿ ಪೆಟ್ರೋಲಿನಲ್ಲಿ ನೂರಕ್ಕೆ ಹತ್ತರವರೆಗೆ ಎಥನಾಲ್ ಇರುತ್ತದೆ. ಹಳೇ ಫೈಬರ್ ಟ್ಯಾಂಕು ಅದರಿಂದ ಮೆತ್ತಗಾಗುತ್ತದೆ, ಕರಗಿದ್ದು ಕಾರ್ಬುರೇಟರಿಗೆ ಹೋಗಿ ಅಂಟುತ್ತದೆ. ಅಲ್ಯೂಮಿನಿಯಂ ಟ್ಯಾಂಕು ಹಾಕಿ, ದುಬಾರಿ ಪೆಟ್ರೋಲು ಹಾಕಿ, ರೇಸ್ ಮುಗಿದ ಸಂಜೆಯೇ ಖಾಲಿ ಮಾಡಿ.

## ಪಕ್ಕಕ್ಕೆ ಒಂದು ಚಕ್ರ

ಬೈಕಿಗೆ ಪಕ್ಕದಲ್ಲಿ ಚಕ್ರ ಬಿಗಿದ್ರೆ ಆಯ್ತಲ್ವಾ? ಅದ್ರಲ್ಲೇನು ಕಷ್ಟ?

ನಾನೂ ಹೀಗೇ ಅಂದುಕೊಂಡಿದ್ದೆ. ಮೂರು ಚಕ್ರ, ಆದರೆ ಆಟೋ ಥರ ಎರಡೂ ಬದಿ ಒಂದೇ ಅಲ್ಲ. ಎಂಜಿನ್ ನೂಕುವುದು ಒಂದು ಬದಿಯಿಂದ, ಭಾರ ಎಳೆಯುವುದು ಇನ್ನೊಂದು ಬದಿಯಿಂದ. ಇಲ್ಲಿ ಚೇರ್ ಎಡಕ್ಕಿರುತ್ತದೆ. ಆಕ್ಸಿಲರೇಟರ್ ತಿರುಗಿಸಿದರೆ ಗಾಡಿ ಎಡಕ್ಕೆ ಎಳೆಯುತ್ತದೆ, ಬ್ರೇಕ್ ಒತ್ತಿದರೆ ಬಲಕ್ಕೆ. ಇದನ್ನು ತಡೆಯಲು ಮೂರು ಅಳತೆ ಹಿಡಿಯಬೇಕು.

ಮೊದಲನೆಯದು, ಚೇರಿನ ಚಕ್ರ ಬೈಕಿನ ಚಕ್ರಕ್ಕೆ ಪೂರ್ತಿ ಸಮಾನಾಂತರ ಇರಬಾರದು, ಮುಂದೆ ತುಸು ಒಳಕ್ಕೆ ತಿರುಗಿರಬೇಕು. ರಸ್ತೆ ಗಾಡಿಗೆ 12ರಿಂದ 20 ಮಿ.ಮೀ. ಎರಡನೆಯದು, ಬೈಕು ಚೇರಿನಿಂದ ಆಚೆಗೆ ಒಂದು ಡಿಗ್ರಿಯಷ್ಟು ವಾಲಿರಬೇಕು. ಮೂರನೆಯದು, ಚೇರಿನ ಚಕ್ರ ಬೈಕಿನ ಹಿಂದಿನ ಚಕ್ರಕ್ಕಿಂತ ಆರರಿಂದ ಹತ್ತು ಇಂಚು ಮುಂದಿರಬೇಕು. ಹಿಂದೆ ಇದ್ದರೆ ತಿರುವಿನಲ್ಲಿ ಮಗುಚಿಕೊಳ್ಳುವ ಸ್ವಭಾವ ಜಾಸ್ತಿ, ತೀರ ಮುಂದಿದ್ದರೆ ತಿರುಗಿಸುವಾಗ ಟೈರು ಅಡ್ಡಡ್ಡ ಉಜ್ಜಿ ಸವೆಯುತ್ತದೆ.

ಉಪಕರಣ ಏನೂ ದೊಡ್ಡದಲ್ಲ. ಬಾಗದ ಎರಡು ಉದ್ದ ಅಲ್ಯೂಮಿನಿಯಂ ಪಟ್ಟಿ, ಗಾರೆಯವರ ರಸಮಟ್ಟ, ತೂಕದ ಗುಂಡು ಕಟ್ಟಿದ ದಾರ, ಟೇಪು. ನೆಲ ಸಮವಾಗಿದೆಯಾ ಅಂತ ಮೊದಲು ನೋಡಿ. ನಮ್ಮ ಶೆಡ್ಡಿನ ನೆಲ ಚರಂಡಿ ಕಡೆಗೆ ಇಳಿಜಾರಿದೆ ಅಂತ ಗೊತ್ತಾಗಿದ್ದೇ ಹೀಗೆ.

ಮೊದಲ ಸಲ ಕಟ್ಟಿದ್ದು ರಸ್ತೆಗೆಂದು, ಸ್ಪ್ರಿಂಗ್ ಇದ್ದ ಚೇರ್. ಎಲ್ಲ ಅಳತೆಯೂ ಕೂದಲೆಳೆಯಷ್ಟು ಸರಿ. ಹೆಮ್ಮೆಯಿಂದ ಹೊರಟರೆ ಹತ್ತು ಮೈಲಿಗೆ ಯಜಮಾನರ ಬಲಗೈ ಸೋತುಹೋಯಿತು. ಗಾಡಿ ಎಡಕ್ಕೇ ಎಳೆಯುತ್ತಿತ್ತು. ತಪ್ಪು ಏನೆಂದರೆ, ಖಾಲಿ ಗಾಡಿಯನ್ನು ಅಳೆದಿದ್ದೆವು. ನಾನು ಕೂತ ತಕ್ಷಣ ಚೇರ್ ತಗ್ಗಿ, ಬೈಕೂ ಅದರ ಜೊತೆ ಎಡಕ್ಕೆ ವಾಲುತ್ತಿತ್ತು. ಮಾರನೇ ದಿನ ನಮ್ಮವರ ಅಂಗಡಿಯಿಂದ 25 ಕಿಲೋದ ಮೂರು ಆಲೂಗಡ್ಡೆ ಮೂಟೆ ತಂದೆ. ಮೂರನ್ನೂ ಚೇರಿನಲ್ಲಿ ಕೂರಿಸಿ, ಯಜಮಾನರನ್ನು ಸೀಟಿನಲ್ಲಿ ಕೂರಿಸಿ, ನೆಲದ ಮೇಲೆ ಮಲಗಿ ಮತ್ತೆ ಅಳೆದೆ. ಸರಿಹೋಯಿತು. ಆ ತಿಂಗಳು ಎರಡು ಮನೆಯಲ್ಲೂ ಆಲೂಗಡ್ಡೆ ಪಲ್ಯವೇ ಪಲ್ಯ.

ಸೈಡ್‌ಕಾರ್ ಹಾಕಿದ ಮೇಲೆ ಹ್ಯಾಂಡಲ್ ಕಲ್ಲಾಗಿದೆ. ಏನು ಮಾಡ್ಲಿ?

ಒಂಟಿ ಬೈಕು ತಿರುಗುವುದು ವಾಲುವುದರಿಂದ. ಸೈಡ್‌ಕಾರ್ ವಾಲುವುದಿಲ್ಲ, ಹ್ಯಾಂಡಲ್ಲನ್ನೇ ಎಳೆಯಬೇಕು. ಹ್ಯಾಂಡಲ್ ತಿರುಗುವ ಅಕ್ಷವನ್ನು ನೆಲದವರೆಗೆ ಎಳೆದರೆ, ಟೈರು ನೆಲ ಮುಟ್ಟುವ ಜಾಗ ಅದಕ್ಕಿಂತ ಸುಮಾರು ನಾಲ್ಕು ಇಂಚು ಹಿಂದಿರುತ್ತದೆ. ಇದನ್ನು ಟ್ರೇಲ್ ಅನ್ನುತ್ತಾರೆ. ಬೈಕು ನೇರ ಓಡಲು ಅದು ಬೇಕು, ಸೈಡ್‌ಕಾರಿಗೆ ಅದರ ಅರ್ಧ ಸಾಕು. ಫೋರ್ಕನ್ನು ಹಿಡಿದಿರುವ ಯೋಕ್ ಬದಲಿಸಿ, ಅಥವಾ ಅರ್ಲ್ಸ್ ಮಾದರಿಯ ಮುಂದಕ್ಕೆ ಚಾಚಿದ ಫೋರ್ಕ್ ಹಾಕಿ. ಟ್ರೇಲ್ ಕಡಿಮೆಯಾದಾಗ ನಿಧಾನದ ವೇಗದಲ್ಲಿ ಹ್ಯಾಂಡಲ್ ನಡುಗಬಹುದು, ಸ್ಟೀರಿಂಗ್ ಡ್ಯಾಂಪರ್ ಬಿಗಿಯಿರಿ. ಹಾಗೇ ಎಂಜಿನ್ ಕಡೆಯ ಸ್ಪ್ರಾಕೆಟ್ಟಿನಲ್ಲಿ ಒಂದೆರಡು ಹಲ್ಲು ಕಡಿಮೆ ಮಾಡಿ, ಇಲ್ಲದಿದ್ದರೆ ಕ್ಲಚ್ ಅಳುತ್ತದೆ. ಟೈರೂ ಅಷ್ಟೇ: ವಾಲದ ಗಾಡಿಗೆ ದುಂಡನೆ ಟೈರು ವ್ಯರ್ಥ, ಚಪ್ಪಟೆ ಮೈಯದು ಬೇಕು.

ಪಕ್ಕದಲ್ಲಿರೋರು ಸುಮ್ನೆ ಭಾರಕ್ಕಾ? ಮರಳು ಮೂಟೆ ಇಟ್ರೆ ಆಗಲ್ವಾ?

ಮರಳು ಮೂಟೆ ಜಾಗ ಬದಲಿಸುವುದಿಲ್ಲ. ನನ್ನ ಕೆಲಸವೇ ಜಾಗ ಬದಲಿಸುವುದು.

ಲೆಸ್ಟರ್ ಪಕ್ಕದ ಮ್ಯಾಲರಿ ಪಾರ್ಕಿನ ಒಂದು ಸುತ್ತು ಹೇಳುತ್ತೇನೆ. ಮೊದಲ ತಿರುವು ಜೆರಾರ್ಡ್ಸ್, ಬಲಕ್ಕೆ, ಮುಗಿಯುವುದೇ ಇಲ್ಲವೇನೋ ಅನ್ನುವಷ್ಟು ಉದ್ದ. ಚೇರ್ ಎಡಕ್ಕಿರುವುದರಿಂದ ಅದು ತಿರುವಿನ ಹೊರಗೆ, ಭಾರವೆಲ್ಲ ಅದರ ಮೇಲೆ ಬೀಳುತ್ತದೆ, ಬೈಕಿನ ಹಿಂದಿನ ಚಕ್ರ ಹಗುರಾಗಿ ತೇಲುತ್ತದೆ. ಆಗ ನಾನು ಹಿಂದಿನ ಚಕ್ರದ ಮೇಲೆ ಅಡ್ಡ ಬಿದ್ದು, ಎದೆಯನ್ನು ಮಡ್‌ಗಾರ್ಡಿಗೆ ಒತ್ತಿ, ಬಲ ಭುಜ ಆಚೆಗೆ ಚಾಚಬೇಕು. ಹೆಲ್ಮೆಟ್ಟು ಯಜಮಾನರ ಸೊಂಟಕ್ಕೆ ತಾಗುತ್ತಿರುತ್ತದೆ. ಕಿವಿಯಲ್ಲಿ ಚೈನಿನ ಸದ್ದು ಬಿಟ್ಟರೆ ಬೇರೇನಿಲ್ಲ. ಕೊನೆಗೆ ಬರುವುದು ಡೆವಿಲ್ಸ್ ಎಲ್ಬೋ, ಇಳಿಜಾರಿನಲ್ಲಿ ಎಡಕ್ಕೆ. ಈಗ ಚೇರ್ ಒಳಗೆ, ಅದು ಗಾಳಿಗೆ ಏಳಲು ನೋಡುತ್ತದೆ. ನಾನು ಎಡಗಡೆಯ ಹಿಡಿ ಹಿಡಿದು, ಕುಂಡೆ ಹಲಗೆಯಿಂದಾಚೆ ಹಾಕಿ, ಬೆನ್ನು ಟಾರಿಗೆ ಒರೆಸುವಷ್ಟು ಹೊರಗೆ ಬಾಗಬೇಕು. ಒಂದು ಹಿಡಿಯಿಂದ ಇನ್ನೊಂದಕ್ಕೆ ಕೈ ಹೋಗುವಾಗ ಅರೆಕ್ಷಣ ಯಾವುದೂ ಕೈಯಲ್ಲಿರುವುದಿಲ್ಲ. ಯಜಮಾನರು ಬ್ರೇಕ್ ಒತ್ತುವ ಮೊದಲೇ ನಾನು ಜಾಗದಲ್ಲಿರಬೇಕು. ತಡವಾಗಿ ಅತ್ತಿತ್ತ ಹೋದರೆ ಗಾಡಿಯ ದಾರಿಯೇ ಬದಲಾಗುತ್ತದೆ.

ಈ ಕೆಲಸ ಮಾಡುವವರನ್ನು ಇಲ್ಲಿ ಪ್ರೀತಿಯಿಂದ ಮಂಕಿ ಅನ್ನುತ್ತಾರೆ. ನಮ್ಮ ಅಮ್ಮನಿಗೆ ಇದು ಗೊತ್ತಾಗಿ, "ಅದನ್ನ ಹೇಳೋಕೆ ಇಂಗ್ಲೆಂಡಿನವರೇ ಬೇಕಿತ್ತಾ?" ಅಂದರು.

ಹೆಣ್ಮಕ್ಕಳು ಹೋಗ್ತಾರಾ?

ಧಾರಾಳವಾಗಿ. 1954ರಲ್ಲಿ ಸೈಡ್‌ಕಾರ್ ಟಿಟಿ ಮತ್ತೆ ಶುರುವಾದ ವರ್ಷವೇ ಇಂಗೆ ಸ್ಟೋಲ್ ಎಂಬ ಜರ್ಮನ್ ಮಹಿಳೆ ಜಾಕ್ ಡ್ರಿಯಾನ್ ಅವರ ಗಾಡಿಯಲ್ಲಿ ಹೋಗಿ ಐದನೆಯವರಾಗಿ ಮುಗಿಸಿದರು. ಈಗ ಗಂಡ ಹೆಂಡತಿ, ಅಪ್ಪ ಮಗಳು ಜೋಡಿಗಳು ಸಾಮಾನ್ಯ. ಬೇಕಿರುವುದು ಮೈಕಟ್ಟಿಗಿಂತ ಹಿಡಿತ ಮತ್ತು ಸುತ್ತಿನ ನೆನಪು.

## ರೇಸಿನ ದಿನ

ಮೊದಲ ರೇಸಿಗೆ ಏನೇನು ಬೇಕು?

ಆಟೋ ಸೈಕಲ್ ಯೂನಿಯನ್ನಿನ ಲೈಸೆನ್ಸ್ ಬೇಕು, ಪಕ್ಕದಲ್ಲಿರುವವರಿಗೂ ಬೇರೆಯದೇ ಬೇಕು. ಹೊಸಬರು ಕಿತ್ತಳೆ ಬಣ್ಣದ ಜಾಕೆಟ್ ತೊಡಬೇಕು, ಹಿಂದಿನವರಿಗೆ ಎಚ್ಚರಿಕೆಗೆ. ಹೆಲ್ಮೆಟ್ಟಿನ ಮೇಲೆ ಒಪ್ಪಿಗೆಯ ಚೀಟಿ, ಒಂದೇ ತುಂಡಿನ ಚರ್ಮದ ಸೂಟು, ಬೆನ್ನಿಗೆ ರಕ್ಷಾಕವಚ. ಇದಕ್ಕಿಂತ ಮೊದಲು ಕ್ಲಬ್ ಸೇರಿ. ವಿಂಟೇಜ್ ಮೋಟರ್ ಸೈಕಲ್ ಕ್ಲಬ್ 1946ರಿಂದ ಇದೆ, ರೇಸಿಗೇ ಮೀಸಲಾದ ಕ್ಲಾಸಿಕ್ ರೇಸಿಂಗ್ ಮೋಟರ್‌ಸೈಕಲ್ ಕ್ಲಬ್ಬೂ ಇದೆ. ಮೊದಲ ವರ್ಷ ಮಾರ್ಷಲ್ ಆಗಿ ಬಾವುಟ ಹಿಡಿದು ನಿಲ್ಲಿ. ಯಾರು ಎಲ್ಲಿ ಬೀಳುತ್ತಾರೆ ಅಂತ ಪುಕ್ಕಟೆ ಪಾಠ.

ಗಾಡಿ ತಪಾಸಣೆಯಲ್ಲೇ ವಾಪಸ್ ಕಳಿಸಿದ್ರು. ಏನು ನೋಡ್ತಾರೆ ಅವರು?

ಎಣ್ಣೆ ಬಿಡುವ ಬೋಲ್ಟಿಗೆ ಸ್ಟೀಲ್ ತಂತಿ ಕಟ್ಟಿದ್ದೀರಾ, ಅದೂ ಬಿಗಿಯಾಗುವ ದಿಕ್ಕಿಗೆ ಎಳೆಯುವಂತೆ? ಎಂಜಿನ್ನಿನ ಉಸಿರಾಟದ ಪೈಪು ಡಬ್ಬಿಗೆ ಹೋಗುತ್ತದಾ? ಲಿವರ್ ತುದಿಗೆ ಉಂಡೆ ಇದೆಯಾ? ಆಕ್ಸಿಲರೇಟರ್ ಬಿಟ್ಟರೆ ತಾನೇ ಮುಚ್ಚುತ್ತದಾ? ಸೈಡ್‌ಕಾರಿಗೆ ಇನ್ನೊಂದು ಮುಖ್ಯ: ಓಡಿಸುವವರು ಬಿದ್ದರೆ ಎಂಜಿನ್ ನಿಲ್ಲಿಸುವ ದಾರ ಅವರಿಗೆ ಕಟ್ಟಿರಬೇಕು. ಮ್ಯಾಗ್ನೆಟೊ ಗಾಡಿ ಒಬ್ಬಂಟಿಯಾಗಿ ಓಡುತ್ತಲೇ ಇದ್ದರೆ ಯಾರು ನಿಲ್ಲಿಸುತ್ತಾರೆ? ನಮ್ಮನ್ನು ಒಂದು ಸಲ ವಾಪಸ್ ಕಳಿಸಿದ್ದು ಹಿಂದಿನ ಚಕ್ರದ ಸಡಿಲ ಕಡ್ಡಿಗೆ. ಪರೀಕ್ಷಕರು ಪಾನಾದಲ್ಲಿ ಒಂದೊಂದೇ ಕಡ್ಡಿ ತಟ್ಟಿ ಕೇಳಿದರು, ಟಿಂಗ್, ಟಿಂಗ್, ಟಿಂಗ್, ಟಕ್. ನನಗೂ ಕೇಳಿಸಿತು.

ಅಪಾಯ ಅಲ್ವಾ?

ಅಪಾಯ. ಸುತ್ತಿ ಬಳಸಿ ಹೇಳುವುದಿಲ್ಲ. ಹಳೇ ಡ್ರಮ್ ಬ್ರೇಕು ಬಿಸಿಯಾದರೆ ಹಿಡಿಯುವುದಿಲ್ಲ, ಹಳೇ ಲೋಹ ಹೇಳದೆ ಮುರಿಯುತ್ತದೆ. ನನ್ನ ಎಡ ಮಣಿಕಟ್ಟಿನಲ್ಲಿ ಒಂದು ಸ್ಕ್ರೂ ಇದೆ, ವಿಟ್‌ವರ್ತ್ ಅಲ್ಲ. ಮನೆಯಲ್ಲಿ ಒಪ್ಪದಿದ್ದರೆ ಬರಬೇಡಿ. ಬಂದರೆ ವಿಮೆ ಮಾಡಿಸಿ ಬನ್ನಿ.

## ಹಳಬರ ಪ್ರಶ್ನೆಗಳು

ನಾರ್ಟನ್ ಸೈಡ್‌ಕಾರ್ ಅಷ್ಟು ಗೆದ್ದು, ಆಮೇಲೆ ಬಿಎಂಡಬ್ಲ್ಯೂ ಮುಂದೆ ಸೋತಿದ್ದು ಯಾಕೆ?

ಸೈಡ್‌ಕಾರ್ ವಿಶ್ವ ಚಾಂಪಿಯನ್‌ಶಿಪ್ ಶುರುವಾದದ್ದು 1949ರಲ್ಲಿ. ಮೊದಲ ಐದು ವರ್ಷವೂ ನಾರ್ಟನ್ನೇ: ಎರಿಕ್ ಆಲಿವರ್ ನಾಲ್ಕು ಸಲ, 1952ರಲ್ಲಿ ಸಿರಿಲ್ ಸ್ಮಿತ್. 1949ರಲ್ಲಿ ಆಲಿವರ್ ಪಕ್ಕ ನೇತಾಡಿದವರು ಡೆನಿಸ್ ಜೆಂಕಿನ್ಸನ್, ಪತ್ರಕರ್ತರು. 1955ರ ಮಿಲ್ಲೆ ಮಿಲ್ಯಾ ಕಾರ್ ರೇಸಿನಲ್ಲಿ ಸ್ಟರ್ಲಿಂಗ್ ಮಾಸ್‌ಗೆ ದಾರಿ ಓದಿ ಹೇಳಿ ಗೆಲ್ಲಿಸಿದವರೂ ಅವರೇ. ನಮ್ಮ ಜಾತಿಯವರಲ್ಲಿ ಅಷ್ಟು ಹೆಸರು ಮಾಡಿದವರು ಕಡಿಮೆ.

1954ರಿಂದ ಗಾಳಿ ತಿರುಗಿತು. ನಾರ್ಟನ್ನಿನದು ನೆಟ್ಟಗೆ ನಿಂತ ಎತ್ತರದ ಸಿಲಿಂಡರು. ಬಿಎಂಡಬ್ಲ್ಯೂ ಸಿಲಿಂಡರುಗಳು ಎರಡು ಬದಿಗೆ ಮಲಗಿದವು, ಎಂಜಿನ್ನಿನ ಭಾರವೆಲ್ಲ ನೆಲದ ಹತ್ತಿರ. ಒಂಟಿ ಬೈಕಿನಲ್ಲಿ ಅಗಲದ ಸಿಲಿಂಡರು ವಾಲಿದಾಗ ನೆಲಕ್ಕೆ ತಾಗುವ ಭಯ, ಸೈಡ್‌ಕಾರ್ ವಾಲುವುದೇ ಇಲ್ಲವಲ್ಲ. 1954ರಿಂದ 1974ರವರೆಗಿನ 21 ವರ್ಷಗಳಲ್ಲಿ 19 ಸಲ ಬಿಎಂಡಬ್ಲ್ಯೂ ಎಂಜಿನ್ನೇ ಗೆದ್ದಿತು. ನಡುವೆ 1962ರ ಟಿಟಿಯಲ್ಲಿ ಕ್ರಿಸ್ ವಿನ್ಸೆಂಟ್ ಬಿಎಸ್‌ಎ ಮೇಲೆ ಗೆದ್ದದ್ದನ್ನು ಬರ್ಮಿಂಗ್‌ಹ್ಯಾಮಿನ ಹಿರಿಯರು ನಿನ್ನೆ ಆದ ಹಾಗೆ ಹೇಳುತ್ತಾರೆ.

ನನಗೆ ಇಷ್ಟದ್ದು ಬೇರೆ. 1958ರಲ್ಲಿ ಆಲಿವರ್ ಅಂಗಡಿಯಲ್ಲಿ ಸಿಗುವಂಥ ನಾರ್ಟನ್ ಡಾಮಿನೇಟರಿಗೆ ವಾಟ್ಸೋನಿಯನ್ ಕಂಪನಿಯ ರಸ್ತೆ ಚೇರ್ ಜೋಡಿಸಿ, ಪ್ಯಾಟ್ ವೈಸ್ ಎಂಬ ಮಹಿಳೆಯನ್ನು ಅದರಲ್ಲಿ ಕೂರಿಸಿಕೊಂಡು ಟಿಟಿಗೆ ಇಳಿದರು. ರೇಸ್ ಗಾಡಿಗಳ ನಡುವೆ ಹತ್ತನೆಯವರಾಗಿ ಬಂದರು.

650 ಟ್ರಯಂಫ್ 6000 ಆರ್‌ಪಿಎಂ ದಾಟಿದ್ರೆ ಕೈ ಮರಗಟ್ಟುತ್ತೆ. ಬ್ಯಾಲೆನ್ಸ್ ಮಾಡಿಸಿದ್ರೆ ಹೋಗುತ್ತಾ?

ಪೂರ್ತಿ ಹೋಗುವುದಿಲ್ಲ. ಈ ಎಂಜಿನ್ನಿನಲ್ಲಿ ಎರಡೂ ಪಿಸ್ಟನ್ ಒಟ್ಟಿಗೇ ಏರುತ್ತವೆ, ಒಟ್ಟಿಗೇ ಇಳಿಯುತ್ತವೆ. ಕ್ರ್ಯಾಂಕಿಗೆ ಎದುರು ಭಾರ ಜಾಸ್ತಿ ಮಾಡಿದರೆ ಮೇಲೆ ಕೆಳಗಿನ ನಡುಕ ಕಡಿಮೆಯಾಗಿ ಹಿಂದೆ ಮುಂದಿನ ನಡುಕ ಏಳುತ್ತದೆ. ತಕ್ಕಡಿಯ ಹಾಗೆ, ಒಂದು ಕಡೆ ಇಳಿದರೆ ಇನ್ನೊಂದು ಏರುತ್ತದೆ. ಯಾವ ಚಾಸಿಗೆ ಯಾವ ನಡುಕ ಕಡಿಮೆ ತೊಂದರೆ ಅನ್ನುವುದಷ್ಟೇ ನಮ್ಮ ಆಯ್ಕೆ. ಹಗುರ ಪಿಸ್ಟನ್ ಹಾಕಿದ್ದರೆ ಹಳೇ ಲೆಕ್ಕ ತಪ್ಪುತ್ತದೆ, ಮತ್ತೆ ಬ್ಯಾಲೆನ್ಸ್ ಮಾಡಿಸಲೇಬೇಕು. ಅದಕ್ಕೂ ಮೊದಲು ಎಂಜಿನ್ ಹಿಡಿದಿರುವ ತಗಡಿನ ಪ್ಲೇಟುಗಳ ಬೋಲ್ಟು ತೂತಿಗೆ ಸರಿಯಾಗಿ ಕೂತಿದೆಯಾ ನೋಡಿ. ನಮ್ಮ ಗಾಡಿಯ ಅರ್ಧ ನಡುಕ ಹೋದದ್ದು ಆ ತೂತುಗಳನ್ನು ರೀಮರಿನಲ್ಲಿ ಸರಿಮಾಡಿ ಬಿಗಿಯಾದ ಬೋಲ್ಟು ಹಾಕಿದ ಮೇಲೆ.

ಹೊಸದಾಗಿ ಮಾಡಿದ ಮ್ಯಾಂಕ್ಸ್, ಜಿ50 ಓಡಿಸೋದು ಮೋಸ ಅಲ್ವಾ?

ಶೆಡ್ಡಿನಲ್ಲಿ ಜಗಳ ಎಬ್ಬಿಸಬೇಕೆಂದರೆ ಇದನ್ನು ಕೇಳಿ. ಬಹಳಷ್ಟು ಕ್ಲಬ್ಬುಗಳು ಆ ಕಾಲದ ಮಾದರಿಗೆ ತಕ್ಕಂತೆ ಮಾಡಿದ ಹೊಸ ಭಾಗವನ್ನು ಒಪ್ಪುತ್ತವೆ. ಅಸಲಿ ಮ್ಯಾಂಕ್ಸಿನ ಮೆಗ್ನೀಸಿಯಂ ಕೇಸುಗಳಿಗೆ ಈಗ 60 ವರ್ಷ ಮೇಲಾಯಿತು, ಅದರೊಳಗೆ ಪಿಸ್ಟನ್ ಕುಣಿಸುವುದು ನನಗೆ ಧೈರ್ಯ ಅನ್ನಿಸುವುದಿಲ್ಲ. ಹಳೆಯದನ್ನು ಒಡೆಯುವುದಕ್ಕಿಂತ ಹೊಸದನ್ನು ಒಡೆಯಲಿ. ಜಿ50 ಎಂಬ ರೇಸ್ ಬೈಕು ಮಾಡುತ್ತಿದ್ದ ಎಎಂಸಿ ಕಂಪನಿ ಮುಳುಗುವಾಗ ಅದರ ರೇಸಿಂಗ್ ವಿಭಾಗವನ್ನು ಕೊಂಡು ಜಿ50 ಎಂಜಿನ್ನಿಗೆ ಹೊಸ ಚಾಸಿ ಕಟ್ಟಿದವರು ಕಾಲಿನ್ ಸೀಲಿ. ಅವರೂ ಸೈಡ್‌ಕಾರ್ ರೇಸರೇ. ಆಗ ಯಾರೂ ಅದನ್ನು ಮೋಸ ಅನ್ನಲಿಲ್ಲ.

ಯಜಮಾನರು ಮಾತ್ರ ಇದನ್ನು ಒಪ್ಪುವುದಿಲ್ಲ. ಈ ಉತ್ತರ ಓದಿ ಹೇಳಿದಾಗ ಅರ ಕೆಳಗಿಟ್ಟು, "ಅದನ್ನ ಹೊಡೆದುಹಾಕು" ಅಂದರು. ನಾನು ಹೊಡೆದುಹಾಕಿಲ್ಲ.